ಬಂದರು ನಗರಕ್ಕೆ ಓದಲು ಹೊರಟವರು

ಬೆಳಗ್ಗೆ ಏಳು ಗಂಟೆಯ ಹೊತ್ತಿಗೆ ಬಿ.ಸಿ. ರೋಡಿನಲ್ಲಿ ಮಂಗಳೂರು ಬಸ್ಸು ಹತ್ತುವುದು ಸುಲಭದ ಮಾತಲ್ಲ. ಬೆಳ್ತಂಗಡಿ, ಗುರುವಾಯನಕೆರೆ, ಮಡಂತ್ಯಾರು, ಪುಂಜಾಲಕಟ್ಟೆಯ ಕಡೆಯಿಂದ ಬರುವ ಬಸ್ಸುಗಳು ಅಲ್ಲಿಗೆ ತಲುಪುವಾಗಲೇ ತುಂಬಿರುತ್ತವೆ. ಪುತ್ತೂರಿನ ಕಡೆಯಿಂದ ಬರುವ ಬಸ್ಸುಗಳದೂ ಅದೇ ಕಥೆ. ಬೆನ್ನಿಗೆ ಚೀಲ, ಚೀಲದಲ್ಲಿ ಬುತ್ತಿ, ಕೈಯಲ್ಲಿ ಪಾಸು ಹಿಡಿದ ಹುಡುಗ ಹುಡುಗಿಯರು ಒಂದು ಕಾಲು ಊರುವಷ್ಟು ಜಾಗಕ್ಕಾಗಿ ಬಾಗಿಲಲ್ಲಿ ನೂಕಾಡುತ್ತಾರೆ. ಅದೇ ಹೊತ್ತಿಗೆ ಇನ್ನೊಂದು ದಿಕ್ಕಿನಲ್ಲಿ, ಮೂಡುಬಿದಿರೆಯಿಂದ ಹೊರಟ ಬಸ್ಸುಗಳು ಮಿಜಾರು, ಎಡಪದವು, ಗಂಜಿಮಠ, ಕೈಕಂಬಗಳಲ್ಲಿ ನಿಲ್ಲಿಸಿ ನಿಲ್ಲಿಸಿ ಇನ್ನಷ್ಟು ವಿದ್ಯಾರ್ಥಿಗಳನ್ನು ತುಂಬಿಕೊಂಡು ವಾಮಂಜೂರಿನ ಹಾದಿಯಾಗಿ ನಗರಕ್ಕೆ ಇಳಿಯುತ್ತವೆ.

ಮಂಗಳೂರು ಹೆಸರಾದದ್ದು ಬಂದರಿನಿಂದ. ವಿದ್ಯಾಕೇಂದ್ರ ಎಂಬ ಹೆಸರು ಅದಕ್ಕೆ ಬಂದದ್ದು ಬಹಳ ಕಾಲದ ನಂತರ. ಆ ಎರಡನೆಯ ಹೆಸರನ್ನು ಸಂಪಾದಿಸಿ ಕೊಟ್ಟವರಲ್ಲಿ, ಹಗಲೆಲ್ಲ ನಗರದಲ್ಲಿದ್ದು ರಾತ್ರಿ ಮಲಗಲು ಊರಿಗೆ ಮರಳುವ ವಿದ್ಯಾರ್ಥಿಗಳ ಪಾಲು ದೊಡ್ಡದು. ನಗರದಿಂದ ಬಂಟ್ವಾಳ ಸುಮಾರು 25 ಕಿಲೋಮೀಟರ್, ಮೂಡುಬಿದಿರೆ ಸುಮಾರು 35, ಬೆಳ್ತಂಗಡಿ ಸುಮಾರು 60. ಈ ಮೂರು ಊರುಗಳ ಮಕ್ಕಳು ಏನು ಓದಿದರು, ಎಷ್ಟು ಓದಿದರು, ಯಾರು ಓದಿದರು ಎಂಬುದನ್ನು ನಿರ್ಧರಿಸಿದ್ದು ಅಂಕಪಟ್ಟಿ ಮಾತ್ರವಲ್ಲ. ನಗರದಲ್ಲಿ ನೆಂಟರ ಮನೆ ಇದೆಯೇ, ಹಾಸ್ಟೆಲಿನಲ್ಲಿ ಸೀಟು ಸಿಕ್ಕೀತೇ, ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂಬ ಪ್ರಶ್ನೆಗಳೂ ಅಷ್ಟೇ ಮುಖ್ಯವಾಗಿದ್ದವು. ಕರಾವಳಿಯ ವಿದ್ಯಾರ್ಥಿ ಜೀವನದ ಇತಿಹಾಸವೆಂದರೆ ಬಹುಮಟ್ಟಿಗೆ ಈ ದೂರವನ್ನು ಕಡಿಮೆ ಮಾಡಿಕೊಂಡ ಇತಿಹಾಸ.

ದೋಣಿಯ ಕಾಲ

ಬಂಟ್ವಾಳವೂ ಒಂದು ಕಾಲಕ್ಕೆ ಬಂದರೇ ಆಗಿತ್ತು. ಆದರೆ ಸಮುದ್ರದ ಬಂದರಲ್ಲ, ಹೊಳೆಯ ಬಂದರು. ಘಟ್ಟದ ಮೇಲಿನಿಂದ ಇಳಿದು ಬರುತ್ತಿದ್ದ ಕಾಫಿ ಮತ್ತಿತರ ಸರಕು ಬಂಟ್ವಾಳದ ಪೇಟೆಗೆ ಬಂದು, ಅಲ್ಲಿಂದ ನೇತ್ರಾವತಿಯಲ್ಲಿ ದೋಣಿಯೇರಿ ಮಂಗಳೂರಿನ ಹಳೆ ಬಂದರಕ್ಕೆ ಸಾಗುತ್ತಿತ್ತು. ಬರುವಾಗ ದೋಣಿಗಳು ಉಪ್ಪು, ಒಣಮೀನು, ಬಟ್ಟೆಬರೆ ಹೇರಿಕೊಂಡು ಬರುತ್ತಿದ್ದವು. ಸರಕು ಹೋದ ದಾರಿಯಲ್ಲೇ ಓದುವ ಹುಡುಗರೂ ಹೋದರು.

ಮಂಗಳೂರಿನಲ್ಲಿ ಸರಕಾರಿ ಶಾಲೆಯೊಂದು 1868ರಲ್ಲಿ ಆರಂಭವಾಗಿ ಸ್ವಲ್ಪ ಕಾಲದಲ್ಲೇ ಕಾಲೇಜಾಗಿ ಬೆಳೆಯಿತು. ಹಂಪನಕಟ್ಟೆಯ ಆ ಸರಕಾರಿ ಕಾಲೇಜೇ 1993ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯಕ್ಕೆ ಸೇರಿ, ವಿಶ್ವವಿದ್ಯಾನಿಲಯ ಕಾಲೇಜು ಎಂಬ ಹೆಸರು ಪಡೆಯಿತು. ಇಟಲಿಯಿಂದ ಹಡಗಿನಲ್ಲಿ ಬಂದ ಜೆಸ್ವಿಟ್ ಪಾದ್ರಿಗಳು 1880ರಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ತೆರೆದರು. ಎರಡೂ ಮದರಾಸು ವಿಶ್ವವಿದ್ಯಾನಿಲಯದ ಪರೀಕ್ಷೆಗಳಿಗೆ ವಿದ್ಯಾರ್ಥಿಗಳನ್ನು ತಯಾರು ಮಾಡುತ್ತಿದ್ದವು. ದಕ್ಷಿಣ ಕನ್ನಡ ಜಿಲ್ಲೆ ಆಗ ಮದರಾಸು ಪ್ರಾಂತ್ಯದ ಭಾಗ. ಪದವಿಯ ಆಚೆಗೆ ಓದಬೇಕೆನ್ನುವವರು ಮದರಾಸಿಗೇ ಹೋಗಬೇಕು. 1907ರಲ್ಲಿ ಮಂಗಳೂರಿಗೆ ರೈಲು ಬಂದ ಮೇಲೆ ಆ ಪ್ರಯಾಣ ಸುಲಭವಾಯಿತು. ಆದರೆ ರೈಲು ಹತ್ತುವ ಮೊದಲು ಒಳನಾಡಿನ ಹುಡುಗ ಮಂಗಳೂರನ್ನು ಸೇರಬೇಕಿತ್ತು. ದೊಡ್ಡ ಕಷ್ಟ ಅದೇ.

1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರ ಬದುಕು ಆ ಕಾಲದ ವಿದ್ಯಾರ್ಥಿ ಜೀವನಕ್ಕೆ ಒಳ್ಳೆಯ ಉದಾಹರಣೆ. ಬಡತನದ ನಡುವೆ ಮಂಗಳೂರಿಗೆ ಬಂದ ಅವರು ಮನೆಪಾಠ ಹೇಳಿಕೊಡುತ್ತ ತಮ್ಮ ಓದಿನ ಖರ್ಚನ್ನು ನಿಭಾಯಿಸಿದರು. ಮುಂದೆ ಅದೇ ನಗರದಲ್ಲಿ ಅಧ್ಯಾಪಕರಾದರು, ಶಾಲಾ ಇನ್‌ಸ್ಪೆಕ್ಟರಾದರು, ಕನ್ನಡದ ಮಕ್ಕಳಿಗೆ ಹಾಡು ಮತ್ತು ಕಥೆಗಳನ್ನು ಕೊಟ್ಟರು. 1934ರ ರಾಯಚೂರು ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠದವರೆಗೂ ಏರಿದರು. ಬಂಟ್ವಾಳದಂಥ ಪೇಟೆಯಿಂದ ಹೊರಟವನಿಗೆ ನಗರದಲ್ಲಿ ಹೊಟ್ಟೆಪಾಡಿನ ದಾರಿಯೊಂದು ಸಿಕ್ಕಿದ್ದರಿಂದ ಇದು ಸಾಧ್ಯವಾಯಿತು. ಅಂಥ ದಾರಿ ಸಿಗದೆ ಊರಲ್ಲೇ ಉಳಿದವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ.

1914ರ ಸುಮಾರಿಗೆ ಮಂಗಳೂರು ಮತ್ತು ಬಂಟ್ವಾಳದ ನಡುವೆ ಮೋಟಾರು ಬಸ್ಸು ಓಡತೊಡಗಿತು. ಕೆನರಾ ಪಬ್ಲಿಕ್ ಕನ್ವೇಯನ್ಸ್, ಜನರ ಬಾಯಲ್ಲಿ ಸಿ.ಪಿ.ಸಿ., ಎಂಬ ಕಂಪೆನಿಯ ಹೆಸರು ಜಿಲ್ಲೆಯಲ್ಲಿ ಮನೆಮಾತಾಯಿತು. ಹೊಳೆಯ ಬದಿಯ ವ್ಯಾಪಾರ ನಿಧಾನವಾಗಿ ರಸ್ತೆ ಬದಿಗೆ ಸರಿಯಿತು. ಹಳೆಯ ಬಂಟ್ವಾಳ ಪೇಟೆಗಿಂತ, ರಸ್ತೆ ಕೂಡುವ ಜಾಗವಾದ ಬಂಟ್ವಾಳ ಕ್ರಾಸ್ ರೋಡ್, ಅಂದರೆ ಬಿ.ಸಿ. ರೋಡ್, ದೊಡ್ಡದಾಗಿ ಬೆಳೆಯಿತು. ಒಂದು ಊರಿನ ಹೆಸರೇ ಬಸ್ಸಿನ ದಾರಿಯಿಂದ ಹುಟ್ಟಿತು ಎನ್ನುವುದು ಈ ಸೀಮೆಯ ಬದುಕಿನಲ್ಲಿ ಬಸ್ಸಿಗೆ ಇರುವ ಸ್ಥಾನವನ್ನು ಹೇಳುತ್ತದೆ.

ಉಳಿದುಕೊಳ್ಳುವುದು ಎಲ್ಲಿ?

ಬಸ್ಸು ಬಂದರೂ ದಿನಾ ಹೋಗಿ ಬರುವುದು ಬಂಟ್ವಾಳದವರಿಗಷ್ಟೇ ಸಾಧ್ಯವಿತ್ತು. ಬೆಳ್ತಂಗಡಿಯ ಒಳಗಿನ ನೆರಿಯ, ಶಿಶಿಲ, ನಾರಾವಿಯಂಥ ಊರುಗಳಿಂದ ಮುಖ್ಯ ರಸ್ತೆ ಸೇರುವುದೇ ಒಂದು ಪ್ರಯಾಣ. ಮಳೆಗಾಲದಲ್ಲಿ ಹಳ್ಳಕ್ಕೆ ಅಡ್ಡಲಾಗಿ ಅಡಿಕೆ ಮರದ ಕಾಲುಸಂಕ ಹಾಕಿದ್ದರೆ ದಾಟಬಹುದು. ಸಂಕ ಕೊಚ್ಚಿಹೋದರೆ ಆ ದಿನ ಶಾಲೆಯೂ ಇಲ್ಲ, ಪೇಟೆಯೂ ಇಲ್ಲ. ಇಂಥ ಊರಿನ ಹುಡುಗ ಕಾಲೇಜು ಓದಬೇಕಾದರೆ ನಗರದಲ್ಲಿ ಒಂದು ಸೂರು ಬೇಕು.

ಮೊದಲ ಆಸರೆ ನೆಂಟರ ಮನೆ. ಸೋದರಮಾವನ ಮನೆಯಲ್ಲೋ, ದೊಡ್ಡಮ್ಮನ ಮನೆಯಲ್ಲೋ ಉಳಿದು ಓದಿದವರು ಹಿಂದಿನ ತಲೆಮಾರಿನಲ್ಲಿ ಊರೂರಿಗೂ ಸಿಗುತ್ತಾರೆ. ಅಳಿಯಸಂತಾನ ಪದ್ಧತಿಯ ಕುಟುಂಬಗಳಲ್ಲಿ ಮಾವನ ಮನೆಯ ಮೇಲೆ ಸೊಸೆ ಅಳಿಯಂದಿರಿಗೆ ಸಲುಗೆಯ ಜತೆಗೆ ಹಕ್ಕೂ ಇತ್ತು. ಹಾಗೆ ಉಳಿದ ಹುಡುಗ ಬೆಳಗ್ಗೆ ಬಾವಿಯಿಂದ ನೀರು ಸೇದುವುದು, ಅಂಗಡಿಯಿಂದ ಸಾಮಾನು ತರುವುದು, ಚಿಕ್ಕ ಮಕ್ಕಳಿಗೆ ಪಾಠ ಹೇಳುವುದು ಎಲ್ಲವನ್ನೂ ಮಾಡಬೇಕು. ಬ್ರಾಹ್ಮಣ ಹುಡುಗರಿಗೆ ವಾರಾನ್ನದ ದಾರಿಯಿತ್ತು: ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ, ಹೀಗೆ ಏಳು ಮನೆಗಳಲ್ಲಿ ಊಟ. ಯಾವುದಾದರೂ ಮನೆಯವರು ಊರಿಗೆ ಹೋದರೆ ಆ ವಾರದ ಆ ದಿನ ಉಪವಾಸ.

ಎರಡನೆಯ ಆಸರೆ ಜಾತಿ ಸಮುದಾಯಗಳು ಕಟ್ಟಿದ ಹಾಸ್ಟೆಲುಗಳು. ಬಂಟರ ಸಂಘ ನಡೆಸಿದ ಹಾಸ್ಟೆಲಿನ ಹೆಸರು ಮಂಗಳೂರಿನ ಒಂದು ವೃತ್ತಕ್ಕೂ ಬಡಾವಣೆಗೂ ಅಂಟಿಕೊಂಡಿದೆ. ‘ಬಂಟ್ಸ್ ಹಾಸ್ಟೆಲ್’ ಎಂದು ಬಸ್ಸಿನವರು ಕೂಗುವಾಗ ಅದು ವಿದ್ಯಾರ್ಥಿ ನಿಲಯದಿಂದ ಬಂದ ಹೆಸರು ಎಂಬುದು ಎಷ್ಟೋ ಮಂದಿಗೆ ನೆನಪಾಗುವುದಿಲ್ಲ. ಸಮುದಾಯದ ಬಲವಿಲ್ಲದವರ ಗತಿ ಬೇರೆ. ಅಸ್ಪೃಶ್ಯರೆಂದು ಹೊರಗಿಡಲಾದವರ ಮಕ್ಕಳಿಗೆ ಶಾಲೆಯ ಬಾಗಿಲೇ ಮುಚ್ಚಿದ್ದ ಕಾಲದಲ್ಲಿ ಕುದ್ಮುಲ್ ರಂಗರಾಯರು ಮಂಗಳೂರಿನಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಆರಂಭಿಸಿದರು. ಸ್ವಜಾತಿಯವರ ಬಹಿಷ್ಕಾರವನ್ನೂ ಸಹಿಸಿಕೊಂಡು ಅವರು ಶಾಲೆ ನಡೆಸಿದರು. ಸ್ವಾತಂತ್ರ್ಯಾನಂತರ ಸರಕಾರ ತೆರೆದ ಪರಿಶಿಷ್ಟ ಜಾತಿ, ಪಂಗಡ ಮತ್ತು ಹಿಂದುಳಿದ ವರ್ಗಗಳ ವಿದ್ಯಾರ್ಥಿ ನಿಲಯಗಳು ಬಂದ ಮೇಲಷ್ಟೇ ಈ ಮನೆಗಳ ಮಕ್ಕಳು ಕಾಲೇಜಿನ ಮಾತಾಡುವಂತಾಯಿತು.

ಹೆಣ್ಣುಮಕ್ಕಳಿಗೆ ಈ ಎರಡೂ ಆಸರೆಗಳು ಸುಲಭವಾಗಿ ಸಿಗುತ್ತಿರಲಿಲ್ಲ. 1921ರಲ್ಲಿ ಮಂಗಳೂರಿನಲ್ಲಿ ಸಂತ ಆಗ್ನೆಸ್ ಮಹಿಳಾ ಕಾಲೇಜು ಆರಂಭವಾದರೂ, ಮಗಳನ್ನು ದೂರದ ನಗರದಲ್ಲಿ ಬಿಟ್ಟು ಬರುವ ಧೈರ್ಯ ಒಳನಾಡಿನ ಕೃಷಿಕ ಕುಟುಂಬಗಳಿಗೆ ಬಹಳ ಕಾಲ ಬರಲಿಲ್ಲ.

ಓದುವವರಿಗೆ ಸೂರು ಒದಗಿಸುವ ಪ್ರಶ್ನೆ ಕರಾವಳಿಯಲ್ಲಿ ಮಾತ್ರ ಹುಟ್ಟಿದ್ದಲ್ಲ. ಮೆಡಿಟರೇನಿಯನ್ ಸಮುದ್ರ ತೀರದ ಬಂದರು ನಗರವಾದ ಇಟಲಿಯ ನೇಪಲ್ಸ್‌ನಲ್ಲಿ 1224ರಲ್ಲಿ ದೊರೆ ಎರಡನೆಯ ಫ್ರೆಡೆರಿಕ್ ಒಂದು ವಿಶ್ವವಿದ್ಯಾನಿಲಯ ಸ್ಥಾಪಿಸಿದ. ತನ್ನ ರಾಜ್ಯದ ಹುಡುಗರು ವಿದ್ಯೆಗಾಗಿ ದೂರದ ಬೊಲೋನ್ಯಕ್ಕೆ ಹೋಗಬೇಕಿಲ್ಲ, ಮನೆಯವರ ಕಣ್ಣಳತೆಯಲ್ಲೇ ಓದಲಿ ಎಂಬುದು ಅವನು ಕೊಟ್ಟ ಕಾರಣಗಳಲ್ಲಿ ಒಂದು. ಆಡಳಿತಕ್ಕೆ ಬೇಕಾದ ಕಾನೂನು ಪಂಡಿತರನ್ನು ತಯಾರಿಸಿಕೊಳ್ಳುವ ಉದ್ದೇಶವೂ ಇತ್ತು. ಬಂದವರಿಗೆ ಬಾಡಿಗೆಯ ಮನೆ ಮತ್ತು ಸಾಲದ ಅನುಕೂಲ ಒದಗಿಸುವ ಭರವಸೆಯನ್ನು ಸ್ಥಾಪನೆಯ ಆಜ್ಞೆಯಲ್ಲೇ ಸೇರಿಸಿದ್ದ. ಪಾಠ ಹೇಳುವವರನ್ನು ನೇಮಿಸಿದರೆ ಸಾಲದು, ಓದುವವನು ಎಲ್ಲಿ ಮಲಗುತ್ತಾನೆ, ಖರ್ಚಿಗೆ ಏನು ಮಾಡುತ್ತಾನೆ ಎಂದೂ ಯೋಚಿಸಬೇಕು ಎಂಬುದು ಎಂಟುನೂರು ವರ್ಷಗಳ ಹಿಂದೆಯೇ ಗೊತ್ತಿದ್ದ ಸಂಗತಿ.

ನಾಲ್ಕು ವರ್ಷಗಳ ಬದಲಾವಣೆ

ನಮ್ಮಲ್ಲಿ ಆ ಯೋಚನೆ ಕಾರ್ಯರೂಪಕ್ಕೆ ಬಂದದ್ದು 1960ರ ದಶಕದಲ್ಲಿ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಅನಂತರ ಕಾಲೇಜುಗಳು ಒಂದೊಂದಾಗಿ ಒಳನಾಡಿಗೆ ಬಂದವು. 1965ರಲ್ಲಿ ಮೂಡುಬಿದಿರೆಯಲ್ಲಿ ಶ್ರೀ ಮಹಾವೀರ ಕಾಲೇಜು, 1966ರಲ್ಲಿ ಬೆಳ್ತಂಗಡಿ ತಾಲೂಕಿನ ಉಜಿರೆಯಲ್ಲಿ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಕಾಲೇಜು, 1968ರಲ್ಲಿ ಬಂಟ್ವಾಳದಲ್ಲಿ ಶ್ರೀ ವೆಂಕಟರಮಣ ಸ್ವಾಮಿ ಕಾಲೇಜು ಆರಂಭವಾದವು. ಅದೇ 1968ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಮಂಗಳೂರಿನ ಹೊರವಲಯದ ಕೊಣಾಜೆಯಲ್ಲಿ ತನ್ನ ಸ್ನಾತಕೋತ್ತರ ಕೇಂದ್ರವನ್ನು ತೆರೆಯಿತು. ನಾಲ್ಕು ವರ್ಷಗಳಲ್ಲಿ ಮೂರೂ ಊರುಗಳಿಗೆ ಪದವಿ ಕಾಲೇಜು, ಹತ್ತಿರದಲ್ಲೇ ಎಂ.ಎ. ಓದುವ ಅವಕಾಶ. ಜಿಲ್ಲೆಯ ಶಿಕ್ಷಣದ ಚರಿತ್ರೆಯಲ್ಲಿ ಇಷ್ಟು ಕಡಿಮೆ ಅವಧಿಯಲ್ಲಿ ಇಷ್ಟು ದೂರ ಕುಗ್ಗಿದ್ದು ಅಪರೂಪ.

ಉಜಿರೆಯ ವಿಷಯದಲ್ಲಿ ಇನ್ನೊಂದು ಸಂಗತಿ ಗಮನಾರ್ಹ. ಅಲ್ಲಿ ಕಾಲೇಜಿಗಿಂತ ಮೊದಲೇ ವಿದ್ಯಾರ್ಥಿ ನಿಲಯವಿತ್ತು. ಧರ್ಮಸ್ಥಳದ ಧರ್ಮಾಧಿಕಾರಿ ಮಂಜಯ್ಯ ಹೆಗ್ಗಡೆಯವರು 1940ರಲ್ಲೇ ಸಿದ್ಧವನ ಗುರುಕುಲವನ್ನು ಆರಂಭಿಸಿದ್ದರು. ಊಟ ವಸತಿಗೆ ಕೊರತೆಯಿಲ್ಲ. ಹುಡುಗರು ಗದ್ದೆ ತೋಟದ ಕೆಲಸದಲ್ಲಿ ಕೈಜೋಡಿಸಬೇಕು, ಶಿಸ್ತಿನ ದಿನಚರಿ ಪಾಲಿಸಬೇಕು. ಅವರ ನಂತರ ಬಂದ ರತ್ನವರ್ಮ ಹೆಗ್ಗಡೆಯವರ ಕಾಲದಲ್ಲಿ ಕಾಲೇಜು ಬಂತು. ಮಲಗಲು ಜಾಗ ಮೊದಲು, ತರಗತಿ ಆಮೇಲೆ ಎಂಬ ಈ ಕ್ರಮದಿಂದಾಗಿ ಘಟ್ಟದ ಬುಡದ ಊರುಗಳ ಬಡ ಹುಡುಗರಿಗೂ ಕಾಲೇಜು ಎಟುಕಿತು.

ಕಾಲೇಜು ಹತ್ತಿರ ಬಂದದ್ದರ ದೊಡ್ಡ ಲಾಭ ಆದದ್ದು ಹೆಣ್ಣುಮಕ್ಕಳಿಗೆ. ಮಂಗಳೂರಿಗೆ ಕಳುಹಿಸಲು ಒಪ್ಪದ ತಂದೆ ತಾಯಿ ಉಜಿರೆಗೋ ಮೂಡುಬಿದಿರೆಗೋ ಕಳುಹಿಸಲು ಒಪ್ಪಿದರು. ಸಂಜೆ ದೀಪ ಹಚ್ಚುವ ಹೊತ್ತಿಗೆ ಮಗಳು ಮನೆಯಲ್ಲಿರುತ್ತಾಳೆ ಎಂಬ ಭರವಸೆಯೊಂದೇ ಸಾಕಾಯಿತು. ಊರಿನ ಮೊದಲ ಪದವೀಧರೆಯರು, ಮೊದಲ ಅಧ್ಯಾಪಿಕೆಯರು ಹೀಗೆ ಬಂದರು.

ಖರ್ಚು ಹೊತ್ತವರು

ಕಾಲೇಜು ಇದ್ದರೆ ಸಾಲದು, ಫೀಸು ಕಟ್ಟುವ ಶಕ್ತಿಯೂ ಬೇಕು. ಅದು ಬಂದದ್ದು ಎರಡು ದಾರಿಗಳಿಂದ.

ಒಂದು, ಭೂಸುಧಾರಣೆ. 1974ರ ತಿದ್ದುಪಡಿ ಕಾಯಿದೆ ಜಾರಿಗೆ ಬಂದಾಗ ದಕ್ಷಿಣ ಕನ್ನಡದಲ್ಲಿ ಅದರ ಪರಿಣಾಮ ಬೇರೆಡೆಗಿಂತ ಆಳವಾಗಿತ್ತು. ಇಲ್ಲಿನ ಗದ್ದೆಗಳ ಬಹುಪಾಲು ಗೇಣಿಗೆ ನಡೆಯುತ್ತಿದ್ದವು. ಚಾಲಗೇಣಿಯ ಒಕ್ಕಲು ಯಾವಾಗ ಬೇಕಾದರೂ ಎದ್ದು ಹೋಗಬೇಕಾದವನು; ಮುಡಿ ಲೆಕ್ಕದಲ್ಲಿ ಅಕ್ಕಿ ಅಳೆದುಕೊಟ್ಟ ಮೇಲೆ ಉಳಿದದ್ದು ಅವನ ಪಾಲು. ಭೂನ್ಯಾಯ ಮಂಡಳಿಯಲ್ಲಿ ಡಿಕ್ಲರೇಷನ್ ಹಾಕಿ ಹಕ್ಕು ಪಡೆದ ಮೇಲೆ ಅದೇ ಒಕ್ಕಲು ಅಡಿಕೆ, ತೆಂಗು ನೆಟ್ಟ. ಮಗನನ್ನು ಗೇಣಿ ಗದ್ದೆಯ ಕೆಲಸಕ್ಕೆ ಇಟ್ಟುಕೊಳ್ಳುವ ಅನಿವಾರ್ಯತೆ ತಪ್ಪಿತು. ಹೊಸದಾಗಿ ಬಂದಿದ್ದ ಕಾಲೇಜುಗಳು ಆ ಮಗನಿಗಾಗಿಯೇ ಕಾದಿದ್ದಂತಿತ್ತು.

ಇನ್ನೊಂದು, ಬೀಡಿ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಸುತ್ತಮುತ್ತ ಜಗಲಿಯಲ್ಲಿ ಕುಳಿತು, ತಡ್ಪೆಯಲ್ಲಿ ಎಲೆ ಮತ್ತು ಹೊಗೆಸೊಪ್ಪಿನ ಹುಡಿ ಇಟ್ಟುಕೊಂಡು ಬೀಡಿ ಕಟ್ಟದ ಹೆಂಗಸರು ಇರುವ ಮನೆಗಳು ಒಂದು ಕಾಲದಲ್ಲಿ ವಿರಳವಾಗಿದ್ದವು. ವಾರಕ್ಕೊಮ್ಮೆ ಬೀಡಿ ಬ್ರಾಂಚಿನಲ್ಲಿ ಸಿಗುವ ಮಜೂರಿಯೇ ಮಕ್ಕಳ ಬಸ್ಸಿನ ಚಿಲ್ಲರೆ, ಪುಸ್ತಕ, ಪರೀಕ್ಷಾ ಶುಲ್ಕ. ಕಾಲೇಜಿಗೆ ಹೋಗುವ ಹುಡುಗಿಯರೂ ಸಂಜೆ ಮನೆಗೆ ಬಂದು ಅಮ್ಮನ ಜತೆ ಕುಳಿತು ಎಲೆ ಕತ್ತರಿಸುತ್ತಿದ್ದರು. ಪರೀಕ್ಷೆಯ ಓದು ಅದಾದ ಮೇಲೆ. 1976ರ ಬೀಡಿ ಕಾರ್ಮಿಕರ ಕಲ್ಯಾಣ ನಿಧಿ ಕಾಯಿದೆಯ ಅಡಿಯಲ್ಲಿ ಕಾರ್ಮಿಕರ ಮಕ್ಕಳಿಗೆ ವಿದ್ಯಾರ್ಥಿ ವೇತನ ದೊರೆಯತೊಡಗಿತು. ತಾಯಿಯ ಬೀಡಿ ಕಾರ್ಡಿನ ಬಲದಿಂದ ಪದವಿ ಮುಗಿಸಿದವರು ಈ ಜಿಲ್ಲೆಯ ಬ್ಯಾಂಕು, ಶಾಲೆ, ಸರಕಾರಿ ಕಚೇರಿಗಳಲ್ಲಿ ಕಡಿಮೆಯಿಲ್ಲ.

ಕೊಣಾಜೆಯ ಗುಡ್ಡ

1980ರ ಸೆಪ್ಟೆಂಬರ್ 10ರಂದು ಮಂಗಳೂರು ವಿಶ್ವವಿದ್ಯಾನಿಲಯ ಸ್ವತಂತ್ರವಾಗಿ ಅಸ್ತಿತ್ವಕ್ಕೆ ಬಂತು. ಅವಿಭಜಿತ ದಕ್ಷಿಣ ಕನ್ನಡ ಮತ್ತು ಕೊಡಗು ಅದರ ಆಗಿನ ವ್ಯಾಪ್ತಿ. ಇತಿಹಾಸಕಾರ ಪ್ರೊ. ಬಿ. ಶೇಖ್ ಅಲಿ ಮೊದಲ ಕುಲಪತಿ. ಕೊಣಾಜೆಯ ಆವರಣಕ್ಕೆ ಮೈಸೂರಿನ ಮಾನಸಗಂಗೋತ್ರಿಯ ಮಾದರಿಯಲ್ಲಿ ಮಂಗಳಗಂಗೋತ್ರಿ ಎಂಬ ಹೆಸರು. ಮರಗಳೇ ಇಲ್ಲದ ಮುರಕಲ್ಲಿನ ಬೋಳು ಗುಡ್ಡದಲ್ಲಿ ತರಗತಿ, ಗ್ರಂಥಾಲಯ, ವಿದ್ಯಾರ್ಥಿ ನಿಲಯಗಳು ಎದ್ದವು. ನೇತ್ರಾವತಿಯ ಸೇತುವೆ ದಾಟಿ, ತೊಕ್ಕೊಟ್ಟು, ದೇರಳಕಟ್ಟೆಯ ದಾರಿಯಾಗಿ ಅಲ್ಲಿಗೆ ಬಸ್ಸು. ಬಂಟ್ವಾಳದ ಕಡೆಯವರಿಗೆ ಮೇಲ್ಕಾರಿನಿಂದ ಮುಡಿಪು ಮಾರ್ಗವಾಗಿ ಒಳದಾರಿಯೂ ಇದೆ.

ಸ್ನಾತಕೋತ್ತರ ಕೇಂದ್ರದ ಆರಂಭದ ವರ್ಷಗಳಲ್ಲಿ ಕನ್ನಡ ವಿಭಾಗವನ್ನು ಕಟ್ಟಿದವರು ಕವಿ, ಅನುವಾದಕ ಎಸ್.ವಿ. ಪರಮೇಶ್ವರ ಭಟ್ಟರು. ಕನ್ನಡ ಎಂ.ಎ. ಮೊದಲ ತಂಡದ ವಿದ್ಯಾರ್ಥಿಗಳಲ್ಲಿ ಬಂಟ್ವಾಳ ತಾಲೂಕಿನ ಪುಣಚದ ಬಿ.ಎ. ವಿವೇಕ ರೈ ಒಬ್ಬರು. ಅಲ್ಲೇ ಅಧ್ಯಾಪಕರಾದ ಅವರು ತುಳು ಜನಪದ ಸಾಹಿತ್ಯದ ಮೇಲೆ ಸಂಶೋಧನೆ ಮಾಡಿದರು. ಮುಂದೆ ಹಂಪಿಯ ಕನ್ನಡ ವಿಶ್ವವಿದ್ಯಾನಿಲಯದ ಕುಲಪತಿಯೂ ಆದರು. ಗದ್ದೆಯಲ್ಲಿ ನೇಜಿ ನೆಡುವಾಗ ಹೆಂಗಸರು ಹಾಡುವ ಪಾಡ್ದನ ವಿಶ್ವವಿದ್ಯಾನಿಲಯದ ಅಧ್ಯಯನದ ವಿಷಯವಾಗಲು, ಆ ಗದ್ದೆಯ ಕಡೆಯಿಂದ ಬಂದವರು ತರಗತಿಯೊಳಗೆ ಇರಬೇಕಾಗಿತ್ತು. ವಿಶ್ವವಿದ್ಯಾನಿಲಯ ಹತ್ತಿರ ಬಂದದ್ದರಿಂದ ಊರಿಗೆ ಲಾಭವಾದಂತೆ, ಊರಿನವರು ಬಂದದ್ದರಿಂದ ವಿದ್ಯೆಗೂ ಲಾಭವಾಯಿತು. 2018ರಲ್ಲಿ ಈ ವಿಶ್ವವಿದ್ಯಾನಿಲಯ ತುಳು ಎಂ.ಎ. ತರಗತಿಯನ್ನೇ ಆರಂಭಿಸಿತು.

ಭಾಷೆಯ ಮಾತು ಬಂದಾಗ ಒಂದು ಕಷ್ಟವನ್ನೂ ಹೇಳಬೇಕು. ಮನೆಯಲ್ಲಿ ತುಳು, ಕೊಂಕಣಿ ಅಥವಾ ಬ್ಯಾರಿ, ಶಾಲೆಯಲ್ಲಿ ಕನ್ನಡ, ಕಾಲೇಜಿನಲ್ಲಿ ಇಂಗ್ಲಿಷ್. ಕನ್ನಡ ಮಾಧ್ಯಮದಲ್ಲಿ ಒಳ್ಳೆಯ ಅಂಕ ಪಡೆದು ಬಂದ ಹಳ್ಳಿಯ ಹುಡುಗ ನಗರದ ವಿಜ್ಞಾನ ತರಗತಿಯಲ್ಲಿ ಮೊದಲ ಮೂರು ತಿಂಗಳು ಬಾಯಿ ಬಿಡುವುದಿಲ್ಲ. ಅರ್ಥವಾಗದ್ದನ್ನು ಬಸ್ಸಿನಲ್ಲಿ ತುಳುವಿನಲ್ಲೇ ಗೆಳೆಯನಿಂದ ಕೇಳಿ ತಿಳಿದುಕೊಳ್ಳುತ್ತಾನೆ. ಎಷ್ಟೋ ಮಂದಿಗೆ ಬಸ್ಸಿನ ಸೀಟೇ ಎರಡನೆಯ ತರಗತಿ.

ಗಡಿಯಾರದ ಜತೆ ಓಟ

ಹೋಗಿ ಬರುವ ವಿದ್ಯಾರ್ಥಿಯ ದಿನಚರಿಯನ್ನು ಲೆಕ್ಕ ಹಾಕಿದರೆ ಅದರ ಬೆಲೆ ಗೊತ್ತಾಗುತ್ತದೆ. ಬೆಳ್ತಂಗಡಿಯ ಒಳ ಊರಿನವನು ಐದು ಗಂಟೆಗೆ ಏಳಬೇಕು. ಗಂಜಿಯನ್ನೋ ಹಿಂದಿನ ದಿನದ ಪದಾರ್ಥದೊಡನೆ ದೋಸೆಯನ್ನೋ ಮುಗಿಸಿ ಮೊದಲ ಬಸ್ಸಿಗೆ ಓಡಬೇಕು. ಒಂದು ದಾರಿಗೆ ಎರಡು ತಾಸೆಂದರೆ ದಿನಕ್ಕೆ ನಾಲ್ಕು, ವಾರದ ಆರು ದಿನಕ್ಕೆ ಇಪ್ಪತ್ತನಾಲ್ಕು ತಾಸು. ವಾರದಲ್ಲಿ ಒಂದು ಹಗಲು ರಾತ್ರಿ ಪೂರ್ತಿ ಬಸ್ಸಿನಲ್ಲಿ ಕಳೆದಂತಾಯಿತು.

ಕಂಡಕ್ಟರು ಬಾಗಿಲು ಬಡಿದು ‘ರೈಟ್ ಪೋಯಿ’ ಎಂದ ಮೇಲೆ ಚಾಲಕ ಯಾರಿಗೂ ಕಾಯುವುದಿಲ್ಲ. ಆದ್ದರಿಂದ ಕೊನೆಯ ತರಗತಿಯ ಕೊನೆಯ ಹತ್ತು ನಿಮಿಷ ಹೋಗಿ ಬರುವವರ ಕಣ್ಣು ಗಡಿಯಾರದ ಮೇಲೆ. ಸಂಜೆಯ ನಾಟಕ ತಾಲೀಮು, ಚರ್ಚಾಸ್ಪರ್ಧೆ, ಆಟದ ಅಭ್ಯಾಸ, ಗ್ರಂಥಾಲಯದಲ್ಲಿ ಕುಳಿತು ಓದುವುದು ನಗರದಲ್ಲಿ ಉಳಿದವರ ಪಾಲಿಗೆ. ಅಂಕದಲ್ಲಿ ಇಬ್ಬರೂ ಸಮನಾಗಿರಬಹುದು. ಆದರೆ ಕಾಲೇಜು ಅಂಕದ ಆಚೆಗೆ ಕೊಡುವುದರಲ್ಲಿ ಹೋಗಿ ಬರುವವನಿಗೆ ಅರ್ಧವೂ ದಕ್ಕುವುದಿಲ್ಲ.

ಬಸ್ಸಿನ ಸ್ವರೂಪವೂ ಎಲ್ಲ ಕಡೆ ಒಂದೇ ಅಲ್ಲ. ಬಂಟ್ವಾಳ, ಬೆಳ್ತಂಗಡಿ, ಧರ್ಮಸ್ಥಳದ ಹಾದಿಯಲ್ಲಿ ಸರಕಾರಿ ಬಸ್ಸುಗಳು ಸಾಕಷ್ಟಿವೆ. ಮೂಡುಬಿದಿರೆಯ ಹಾದಿಯಲ್ಲಿ ಮೊದಲಿಂದಲೂ ಖಾಸಗಿ ಬಸ್ಸುಗಳದೇ ಕಾರುಬಾರು. ಇದರ ಪರಿಣಾಮ 2023ರಲ್ಲಿ ಸ್ಪಷ್ಟವಾಗಿ ಕಂಡಿತು. ಆ ವರ್ಷದ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟು ಬೇಡ. ಬೆಳ್ತಂಗಡಿಯಿಂದ ಸರಕಾರಿ ಬಸ್ಸಿನಲ್ಲಿ ಬರುವ ವಿದ್ಯಾರ್ಥಿನಿಗೆ ಪ್ರಯಾಣದ ಖರ್ಚೇ ಇಲ್ಲದಂತಾಯಿತು. ಖಾಸಗಿ ಬಸ್ಸು ಮಾತ್ರ ಇರುವ ಊರಿನ ವಿದ್ಯಾರ್ಥಿನಿ ರಿಯಾಯಿತಿಯ ನಂತರವೂ ದುಡ್ಡು ಕೊಡಬೇಕು. ಒಂದೇ ಕಾಲೇಜು, ಒಂದೇ ತರಗತಿ. ಮನೆ ಯಾವ ದಿಕ್ಕಿನಲ್ಲಿದೆ ಎಂಬುದರ ಮೇಲೆ ಖರ್ಚು ಬೇರೆ.

ಹರಿವು ತಿರುಗಿದಾಗ

ಕಳೆದ ಮೂರು ದಶಕಗಳಲ್ಲಿ ಇನ್ನೊಂದು ಬದಲಾವಣೆಯಾಗಿದೆ. ಹಿಂದೆ ಮಕ್ಕಳನ್ನು ಹೊರಗೆ ಕಳುಹಿಸುತ್ತಿದ್ದ ಊರುಗಳೇ ಹೊರಗಿನವರನ್ನು ಬರಮಾಡಿಕೊಳ್ಳುತ್ತಿವೆ. ಡಾ. ಎಂ. ಮೋಹನ ಆಳ್ವರು 1995ರಲ್ಲಿ ಸ್ಥಾಪಿಸಿದ ಆಳ್ವಾಸ್ ಶಿಕ್ಷಣ ಪ್ರತಿಷ್ಠಾನದ ಹಾಸ್ಟೆಲುಗಳಿಗೆ ಉತ್ತರ ಕರ್ನಾಟಕದಿಂದಲೂ ಹೊರರಾಜ್ಯಗಳಿಂದಲೂ ವಿದ್ಯಾರ್ಥಿಗಳು ಬರುತ್ತಾರೆ. ಉಜಿರೆಯ ಸಂಸ್ಥೆಗಳದೂ ಹಾಗೆಯೇ. ಹಿಂದೆ ಮಂಗಳೂರು ತಾಲೂಕಿನ ಭಾಗವಾಗಿದ್ದ ಮೂಡುಬಿದಿರೆ ಈಗ ತಾನೇ ಒಂದು ತಾಲೂಕು.

ಮೂಡುಬಿದಿರೆಗೆ ಇದು ಪೂರ್ತಿ ಹೊಸತಲ್ಲ. ಜೈನಕಾಶಿ ಎನಿಸಿಕೊಂಡ ಈ ಊರಿನಲ್ಲಿ 1430ರಲ್ಲಿ ಸಾವಿರ ಕಂಬದ ಬಸದಿಯ ನಿರ್ಮಾಣವಾಯಿತು. ಧವಳ, ಜಯಧವಳ, ಮಹಾಧವಳ ಗ್ರಂಥಗಳ ತಾಳೆಗರಿ ಪ್ರತಿಗಳನ್ನು ಶತಮಾನಗಳ ಕಾಲ ಕಾಪಾಡಿದ್ದು ಇಲ್ಲಿನ ಬಸದಿ. ದೇಶದ ಬೇರೆ ಬೇರೆ ಕಡೆಯ ವಿದ್ವಾಂಸರು ಆ ಗರಿಗಳನ್ನು ಕಾಣಲು ಇಲ್ಲಿಗೇ ಬರಬೇಕಾಗಿತ್ತು. ವಿದ್ಯೆಗಾಗಿ ಮೂಡುಬಿದಿರೆಗೆ ಬರುವುದು ಹಳೆಯ ರೂಢಿ; ಮೂಡುಬಿದಿರೆಯಿಂದ ಮಂಗಳೂರಿಗೆ ಹೋಗುವುದು ಅದಕ್ಕೆ ಹೋಲಿಸಿದರೆ ಇತ್ತೀಚಿನದು.

ಬಂದರು ನಗರದ ಅಂಚಿನಲ್ಲೂ ಚಿತ್ರ ಬದಲಾಗಿದೆ. ಕೊಣಾಜೆಯ ದಾರಿಯ ದೇರಳಕಟ್ಟೆ ವೈದ್ಯಕೀಯ ಕಾಲೇಜುಗಳ ಊರಾಗಿದೆ. ಅಡಿಕೆ ತೋಟಗಳಿದ್ದಲ್ಲಿ ಪಿ.ಜಿ.ಗಳು, ಮೆಸ್ಸುಗಳು, ಜೆರಾಕ್ಸ್ ಅಂಗಡಿಗಳು ಬಂದಿವೆ. ಸಂತ ಅಲೋಶಿಯಸ್ ಕಾಲೇಜು 2024ರಲ್ಲಿ ಪರಿಗಣಿತ ವಿಶ್ವವಿದ್ಯಾನಿಲಯವಾಯಿತು. ಆಯ್ಕೆಗಳು ಹೆಚ್ಚಿವೆ, ಅದರ ಜತೆಗೆ ಶುಲ್ಕವೂ ಹೆಚ್ಚಿದೆ. ನಾಲ್ಕು ದಶಕಗಳ ಹಿಂದೆ ಅಮ್ಮನ ಬೀಡಿ ಮಜೂರಿಯಲ್ಲಿ ಮುಗಿಯುತ್ತಿದ್ದ ಪದವಿಯ ಜಾಗದಲ್ಲಿ, ಬ್ಯಾಂಕಿನ ಸಾಲವಿಲ್ಲದೆ ಮುಟ್ಟಲಾಗದ ಕೋರ್ಸುಗಳು ಬಂದಿವೆ. ಬೀಡಿಯ ಕೆಲಸವೂ ಮೊದಲಿನಷ್ಟಿಲ್ಲ. ರಸ್ತೆಯ ದೂರ ಕಡಿಮೆಯಾದ ಹೊತ್ತಿನಲ್ಲೇ ದುಡ್ಡಿನ ದೂರ ಬೆಳೆಯುತ್ತಿರುವುದು ಚಿಂತೆಯ ವಿಷಯ.

ಈ ಹಿನ್ನೆಲೆಯಲ್ಲಿ ಸರಕಾರಿ ಮತ್ತು ಅನುದಾನಿತ ಕಾಲೇಜುಗಳು, ಸರಕಾರಿ ವಿದ್ಯಾರ್ಥಿ ನಿಲಯಗಳು ಮತ್ತು ಬಸ್ಸುಗಳು ಒಳನಾಡಿನ ಮನೆಗಳಿಗೆ ಇಂದಿಗೂ ಎಷ್ಟು ಮುಖ್ಯ ಎಂಬುದು ಅರ್ಥವಾಗುತ್ತದೆ. ಮಾಡಬೇಕಾದದ್ದು ಬಹಳ ದೊಡ್ಡ ಕೆಲಸವೂ ಅಲ್ಲ. ಸಂಜೆ ಒಂದು ತಾಸು ತಡವಾಗಿ ಹೊರಡುವ ಒಂದು ಸರಕಾರಿ ಬಸ್ಸು ಇದ್ದರ, ಹೋಗಿ ಬರುವ ವಿದ್ಯಾರ್ಥಿಗೆ ಗ್ರಂಥಾಲಯ ತೆರೆದಂತಾಗುತ್ತದೆ. ಹಾಸ್ಟೆಲಿನಲ್ಲಿ ಹತ್ತು ಸೀಟು ಹೆಚ್ಚಿದರೆ ಹತ್ತು ಮಂದಿಗೆ ವಾರಕ್ಕೆ ಇಪ್ಪತ್ತನಾಲ್ಕು ತಾಸು ಉಳಿಯುತ್ತದೆ. ಹಳ್ಳಕ್ಕೆ ಒಂದು ಗಟ್ಟಿ ಕಾಲುಸಂಕ ಬಿದ್ದರೆ ಜುಲೈ ತಿಂಗಳ ಹಾಜರಿ ತಪ್ಪುವುದಿಲ್ಲ. ಕಾಲೇಜುಗಳ ಪ್ರವೇಶ ಪುಸ್ತಿಕೆಯಲ್ಲಿ ಇವುಗಳ ಪ್ರಸ್ತಾಪ ಇರುವುದಿಲ್ಲ. ಆದರೆ ಬೆಳ್ತಂಗಡಿಯ ಯಾವುದೋ ಮೂಲೆಯ ಮನೆಯಲ್ಲಿ, ದ್ವಿತೀಯ ಪಿಯುಸಿ ಫಲಿತಾಂಶ ಬಂದ ದಿನ, ಮಗಳನ್ನು ಮುಂದಕ್ಕೆ ಕಳುಹಿಸುವುದೋ ಬೇಡವೋ ಎಂಬ ತೀರ್ಮಾನ ಆಗುವುದು ಇವುಗಳ ಮೇಲೆಯೇ.